ಹಡಗಿನ ಅಡುಗೆಯವನ ಅಂಗಿಗಳು

ಗೊಣಗಮ್ಮ ಗೊಣಗುವುದನ್ನು ನಿಲ್ಲಿಸಿದ್ದಾಳೆ ಎಂದು ಮೊದಲು ಗಮನಿಸಿದವರು ಅವಳ ಅತ್ತೆ. ಬೆಳಗಿನಿಂದ ಹೊಲಿಗೆಯಂತ್ರವೂ ಸದ್ದು ಮಾಡಿರಲಿಲ್ಲ, ಸೊಸೆಯ ಬಾಯಿಯೂ ಸದ್ದು ಮಾಡಿರಲಿಲ್ಲ. ಯಂತ್ರ ಕೆಟ್ಟರೆ ಬಾಯಿ ಜೋರಾಗಬೇಕು, ಬಾಯಿ ಸೋತರೆ ಯಂತ್ರವಾದರೂ ಓಡಬೇಕು. ಎರಡೂ ಒಟ್ಟಿಗೆ ತೆಪ್ಪಗಾದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

"ಏನಾಯ್ತೇ? ಯಾಕೆ ಕಂಬದ ಹಾಗೆ ನಿಂತಿದೀಯಾ?"

"ಏನಿಲ್ಲ ಅತ್ತೆ."

"ಏನಿಲ್ಲ ಅನ್ನೋ ಮುಖಾನಾ ಅದು? ಹೋಗಿ ಕನ್ನಡಿ ನೋಡ್ಕೋ."

ಗೊಣಗಮ್ಮ ಕನ್ನಡಿ ನೋಡಲಿಲ್ಲ. ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಿದ್ದ ಎರಡು ಬಟ್ಟೆತುಂಡುಗಳನ್ನೇ ನೋಡುತ್ತಿದ್ದಳು. ಎರಡೂ ಅಂಗೈಯಗಲದವು, ಎರಡೂ ನೀಲಿ ಚೌಕಳಿಯವು. ಒಂದು ತುಂಡು, ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದು ಹಡಗಿನಲ್ಲೇ ತೀರಿಕೊಂಡ ಹುಡುಗನೊಬ್ಬನ ಅಂಗಿಯದು. ಇನ್ನೊಂದು, ಎಲ್ಲೋ ದೂರದ ಊರಿನ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಮೇಷ್ಟ್ರೊಬ್ಬರ ಅಂಗಿಯದು. ಹಾಗೆಂದು ಆ ತುಂಡುಗಳು ಬಂದಿದ್ದ ಚೀಲಗಳ ಮೇಲೆ ಬರೆದಿತ್ತು. ಬರೆದವಳು ಬೆಣ್ಣೆ.

ಬೆಣ್ಣೆ ಎಂದರೆ ಗೊಣಗಮ್ಮನ ಜೀವದ ಗೆಳತಿ. ಇಬ್ಬರೂ ಒಂದು ಕಾಲದಲ್ಲಿ ಒಂದೇ ಬಟ್ಟೆ ಕಾರ್ಖಾನೆಯಲ್ಲಿದ್ದವರು. ಇವಳು ಹೊಲಿಯುವ ಸಾಲಿನಲ್ಲಿ, ಅವಳು ಕತ್ತರಿಸುವ ಮೇಜಿನಲ್ಲಿ. ಇಬ್ಬರಿಗೂ ಅಡ್ಡಹೆಸರು ಸಿಕ್ಕಿದ್ದು ಅಲ್ಲೇ. ದಾರ ತುಂಡಾದರೆ ದಾರಕ್ಕೆ, ಸೂಜಿ ಮುರಿದರೆ ಸೂಜಿಗೆ, ಏನೂ ಆಗದಿದ್ದರೆ ಏನೂ ಆಗಲಿಲ್ಲವಲ್ಲ ಎಂದು ಬೈಯುತ್ತಿದ್ದ ಇವಳು ಗೊಣಗಮ್ಮ. ಸಿಡುಕು ಮೂತಿಯ ಸೂಪರ್‌ವೈಸರನನ್ನೂ ಎರಡು ಮಾತಿನಲ್ಲಿ ಕರಗಿಸಿ ಅರ್ಧ ದಿನ ರಜೆ ಗಿಟ್ಟಿಸುತ್ತಿದ್ದ ಅವಳು ಬೆಣ್ಣೆ. ಗೊಣಗಮ್ಮನ ಪಾಲಿನ ರಜೆಯನ್ನೂ ಅವಳೇ ಕೇಳಿಕೊಡುತ್ತಿದ್ದಳು. ಇವಳು ಕೇಳಲು ಹೋದರೆ ಇದ್ದ ರಜೆಯೂ ಹೋಗುತ್ತಿತ್ತು, ಅದು ಬೇರೆ ಮಾತು.

ಈಗ ಇಬ್ಬರೂ ಸೇರಿ ಮಾಡುತ್ತಿದ್ದದ್ದು ಹೊದಿಕೆಯ ಕೆಲಸ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಬಟ್ಟೆಗಳನ್ನು ಏನು ಮಾಡುವುದು? ಇಟ್ಟುಕೊಂಡರೆ ನೋಡಿದಾಗಲೆಲ್ಲ ಸಂಕಟ, ಕೊಟ್ಟುಬಿಟ್ಟರೆ ಇನ್ನೂ ಸಂಕಟ. ಅಂಥವರು ಆ ಬಟ್ಟೆಗಳನ್ನು ಕಟ್ಟಿ ಬೆಣ್ಣೆಗೆ ಕಳಿಸುತ್ತಿದ್ದರು. ಬೆಣ್ಣೆ ಅವನ್ನು ಚೌಕ ಚೌಕವಾಗಿ ಕತ್ತರಿಸಿ ಚೀಲಕ್ಕೆ ಹಾಕಿ ಗೊಣಗಮ್ಮನಿಗೆ ಕಳಿಸುತ್ತಿದ್ದಳು. ಗೊಣಗಮ್ಮ ತುಂಡಿಗೆ ತುಂಡು ಕೂಡಿಸಿ, ಒಳಗೆ ಹತ್ತಿಯ ಪದರ ಕೊಟ್ಟು, ಹೊದಿಕೆ ಹೊಲಿಯುತ್ತಿದ್ದಳು. ಇಂಟರ್‌ನೆಟ್ಟಿನ ಅಂಗಡಿಯೊಂದರಲ್ಲಿ 'ನೆನಪಿನ ಹೊದಿಕೆ' ಎಂದು ಹೆಸರಿಟ್ಟು ಮಾರುವ ಕೆಲಸ, ಗಿರಾಕಿಗಳ ಜೊತೆ ಮಾತು, ಫೋಟೊ ಹಾಕುವುದು, ಎಲ್ಲ ಬೆಣ್ಣೆಯದು.

ಇದರಲ್ಲಿ ಗೊಣಗಮ್ಮನ ನೇಮ ಒಂದಿತ್ತು. ಉಳಿದ ಚೂರು ಎಷ್ಟೇ ಸಣ್ಣದಿರಲಿ, ಕಸಕ್ಕೆ ಹಾಕುವಂತಿಲ್ಲ. ಅದು ಅವರ ಮನೆಯವರದು, ಅವರಿಗೇ ಹೋಗಬೇಕು. ಹೊದಿಕೆಯ ಜೊತೆ ಒಂದು ಪುಟ್ಟ ಚೀಲದಲ್ಲಿ ಚೂರುಗಳನ್ನೂ ತುಂಬಿ ಕಳಿಸುತ್ತಿದ್ದಳು. "ನೀನೊಬ್ಬಳು, ದಾರದ ತುದಿಗೂ ಲೆಕ್ಕ ಒಪ್ಪಿಸ್ತೀಯ" ಎಂದು ಬೆಣ್ಣೆ ನಗುತ್ತಿದ್ದಳು. ಹಡಗಿನ ಅಡುಗೆಯವನ ಹೊದಿಕೆ ಹೋಗುವಾಗ ಮಾತ್ರ ಕೊರಿಯರಿನವನು ಅವಸರ ಮಾಡಿದ್ದ. ಚೂರಿನ ಚೀಲ, ಅದರೊಳಗೆ ಹೆಚ್ಚಾಗಿ ಉಳಿದ ಒಂದು ಇಡೀ ಚೌಕ, ಮೇಜಿನ ಖಾನೆಯಲ್ಲೇ ಉಳಿದುಹೋಗಿತ್ತು. ಇವತ್ತು ಮೇಷ್ಟ್ರ ಚೀಲ ಬಿಚ್ಚಿ ಮೊದಲ ತುಂಡನ್ನು ಕೈಗೆತ್ತಿಕೊಂಡಾಗ ಅವಳಿಗೆ ಎಲ್ಲೋ ನೋಡಿದ ಹಾಗನ್ನಿಸಿತು. ಖಾನೆ ಎಳೆದು ಹಳೆಯ ಚೌಕವನ್ನು ಪಕ್ಕಕ್ಕಿಟ್ಟಳು.

ನೀಲಿ ಗೆರೆಗೆ ನೀಲಿ ಗೆರೆ ಕೂಡಿತು. ಹೋಗಲಿ, ಒಂದೇ ನಮೂನೆಯ ಅಂಗಿ ಲೋಕದಲ್ಲಿ ಸಾವಿರ ಜನ ಹಾಕುತ್ತಾರೆ. ಆದರೆ ಮಗ್ಗದಲ್ಲಿ ಎಳೆಯೊಂದು ದಪ್ಪವಾಗಿ ಬಂದು ಬಟ್ಟೆಯ ಅಡ್ಡಕ್ಕೆ ಗಂಟುಗಂಟಾಗಿ ಓಡಿತ್ತು. ಆ ಎಳೆ ಅಡುಗೆಯವನ ತುಂಡಿನಲ್ಲಿ ಶುರುವಾಗಿ ಮೇಷ್ಟ್ರ ತುಂಡಿನೊಳಕ್ಕೆ ನೆಟ್ಟಗೆ ದಾಟಿಹೋಗಿತ್ತು. ಒಂದು ಮೂಲೆಯಲ್ಲಿ ಕತ್ತರಿ ಸ್ವಲ್ಪ ಜಾರಿ ಅಂಚು ಬಾಗಿತ್ತು. ಇದರಲ್ಲಿ ಎಷ್ಟು ಒಳಕ್ಕೆ ಬಾಗಿತ್ತೋ ಅದರಲ್ಲಿ ಅಷ್ಟೇ ಹೊರಕ್ಕೆ ಬಾಗಿತ್ತು. ಎರಡನ್ನೂ ಒತ್ತಿ ಹಿಡಿದರೆ ನಡುವೆ ಕೂದಲು ಹೋಗುವಷ್ಟು ಸಂದೂ ಇರಲಿಲ್ಲ.

ಸಮುದ್ರದ ನಡುವೆ ಸತ್ತ ಅಡುಗೆಯವನೂ, ಹಾಸಿಗೆಯಲ್ಲಿ ಸತ್ತ ಮೇಷ್ಟ್ರೂ ಒಂದೇ ಅಂಗಿ ಹರಿದು ಹಾಕಿಕೊಂಡಿದ್ದರೇ?

ಚೀಲ ಅದಲುಬದಲಾಗಿರಬಹುದು ಎಂದು ಗೊಣಗಮ್ಮ ತನಗೆ ತಾನೇ ಹೇಳಿಕೊಂಡಳು. ಪಾಪ, ಕೆಲಸ ಹೆಚ್ಚಾಗಿದೆ, ಗಡಿಬಿಡಿಯಲ್ಲಿ ಕೈತಪ್ಪಿರುತ್ತದೆ. ಮೇಷ್ಟ್ರ ಚೀಲವನ್ನು ಪೂರ್ತಿ ಸುರಿದುಕೊಂಡು ಒಂದೊಂದೇ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ವರ್ಷಗಟ್ಟಲೆ ಮೈಮೇಲಿದ್ದ ಅಂಗಿ ಹೆಗಲಲ್ಲಿ ಮಾಸಿರುತ್ತದೆ, ಜೇಬಿನಡಿಯಲ್ಲಿ ಬಣ್ಣ ಉಳಿಸಿಕೊಂಡಿರುತ್ತದೆ, ಮೊಣಕೈಯಲ್ಲಿ ತೆಳುವಾಗಿರುತ್ತದೆ. ಇಲ್ಲಿ ಎಲ್ಲ ತುಂಡೂ ಒಂದೇ ಬಣ್ಣ, ಒಂದೇ ದಪ್ಪ. ಅಂಗಡಿಯಲ್ಲಿ ಸುರುಳಿ ಸುತ್ತಿಟ್ಟ ಹೊಸ ಥಾನಿನಿಂದ ಇಳಿಸಿ, ಒಂದು ಸಲ ನೀರಿಗೆ ಹಾಕಿ ಹಿಂಡಿದ ಬಟ್ಟೆ.

ಈಚೆಗೆ ಎಲ್ಲ ಚೀಲಗಳೂ ಹೀಗೇ ಬರುತ್ತಿದ್ದವು. ಅದೂ ನೆನಪಾಯಿತು. ತುಂಡುಗಳು ಪಿಸಿಯುತ್ತಿರಲಿಲ್ಲ, ಎಳೆ ಬಿಡುತ್ತಿರಲಿಲ್ಲ, ಸೂಜಿಗೆ ಸಲೀಸಾಗಿ ಕೂರುತ್ತಿದ್ದವು. 'ಒಳ್ಳೊಳ್ಳೆ ಜಾಗ ಹುಡುಕಿ ಕತ್ತರಿಸ್ತಿದೀಯ ಕಣೇ, ನಿನ್ನ ಕೈಗೆ ಬಂಗಾರದ ಬಳೆ ಹಾಕ್ಬೇಕು' ಎಂದು ಇವಳೇ ಫೋನಿನಲ್ಲಿ ಹೊಗಳಿದ್ದಳು. ಹುಟ್ಟಿದ ಮೇಲೆ ಯಾರನ್ನೂ ಹೊಗಳದ ಬಾಯಿ, ಹೋಗಿ ಹೋಗಿ ಅವಳನ್ನು ಹೊಗಳಿತ್ತು!

ಮೈಯೆಲ್ಲ ಉರಿಯಿತು. ಆದರೆ ಆ ಉರಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಯಾಕೆಂದರೆ ಈ ಕೆಲಸ ಶುರುವಾದದ್ದೇ ಗೊಣಗಮ್ಮನ ತಂಗಿಯಿಂದ.

ತಂಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಗೊಣಗಮ್ಮನಿಗೆ ರಜೆ ಸಿಗಲಿಲ್ಲ. ಬೆಣ್ಣೆಯ ಮಾತಿಗೂ ಸೂಪರ್‌ವೈಸರ್ ಕರಗದಿದ್ದ ದಿನಗಳವು. ಆಗ ಬೆಣ್ಣೆ ಕೆಲಸವನ್ನೇ ಬಿಟ್ಟು ಹೋಗಿ ಆ ಹುಡುಗಿಯ ತಲೆದೆಸೆಯಲ್ಲಿ ಕೂತಳು. ಗಂಜಿ ಕುಡಿಸಿದಳು, ತಲೆ ಬಾಚಿದಳು, ಕೊನೆಯ ಗಳಿಗೆಯಲ್ಲಿ ಕೈ ಹಿಡಿದುಕೊಂಡಿದ್ದವಳೂ ಅವಳೇ. ಅಕ್ಕ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪೆಟ್ಟಿಗೆಯ ತುಂಬ ಉಳಿದ ತಂಗಿಯ ಬಟ್ಟೆ ನೋಡಿ ಗೊಣಗಮ್ಮ ದಿನವೂ ಅಳುತ್ತಿದ್ದಾಗ, 'ಬಾರೇ, ಒಂದು ಹೊದಿಕೆ ಮಾಡೋಣ' ಎಂದವಳು ಬೆಣ್ಣೆ. ಕತ್ತರಿ ಹಾಕಲು ಇವಳ ಕೈ ಬರಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಬೆಣ್ಣೆಯೇ ಕತ್ತರಿಸಿದಳು. ಆ ಹೊದಿಕೆಯ ಫೋಟೊ ಹಾಕಿದ ಮೇಲೆ, ನಮಗೂ ಮಾಡಿಕೊಡಿ ಎಂದು ಜನ ಕೇಳತೊಡಗಿದರು. ಇವತ್ತಿಗೂ ಅಂಗಡಿಯ ಪುಟ ತೆರೆದರೆ ಎಲ್ಲಕ್ಕಿಂತ ಮೇಲೆ ಕಾಣುವುದು ಅದೇ ಫೋಟೊ, ಅದರ ಕೆಳಗೆ 'ತಂಗಿಯನ್ನು ಕಳೆದುಕೊಂಡ ಅಕ್ಕನ ಕೈಯ ಹೊಲಿಗೆ' ಎಂಬ ಸಾಲು. ನಿಜವಾದ ಹೊದಿಕೆ ಅದೊಂದನ್ನು ಮುಂದಿಟ್ಟುಕೊಂಡು, ಬೆಣ್ಣೆ ಊರಿನ ಕಣ್ಣಿಗೆಲ್ಲ ಮಣ್ಣೆರಚುತ್ತಿದ್ದಳು.

ಸಂಜೆ ಗಂಡ ಕೆಲಸದಿಂದ ಬಂದ. ಅವನು ಲಿಫ್ಟ್ ರಿಪೇರಿಯವನು, ಬಂದವನು ಬೂಟು ಬಿಚ್ಚುವ ಮೊದಲೇ ಹೆಂಡತಿಯ ಗೊಣಗಾಟ ಕೇಳಿ ಅಭ್ಯಾಸ. ಆ ದಿನ ಅವನು ಬೂಟು ಬಿಚ್ಚಿ, ಕೈಕಾಲು ತೊಳೆದು, ಚಹಾ ಕುಡಿದು ಮುಗಿಸಿದರೂ ಮನೆ ಸುಮ್ಮನಿತ್ತು.

"ಅಮ್ಮಾ, ಇವಳಿಗೇನಾಗಿದೆ? ನಾನೇನಾದ್ರೂ ಮರೆತೆನಾ?"

"ಕೇಳಿ ಕೇಳಿ ನನ್ನ ಬಾಯಿ ಒಣಗಿದೆ. ನೀನೇ ಕೇಳಪ್ಪ" ಎಂದರು ಅತ್ತೆ.

ಆಗ ಗೊಣಗಮ್ಮ ಎರಡು ತುಂಡನ್ನೂ ತಂದು ಅವರ ಮುಂದೆ ಕೂಡಿಸಿ ತೋರಿಸಿದಳು. ಕಂಡದ್ದನ್ನೆಲ್ಲ ಹೇಳಿದಳು. ಗಂಡ ತುಂಡುಗಳನ್ನು ತಿರುವಿ ನೋಡಿದ, ತಲೆ ಕೆರೆದುಕೊಂಡ, ಫೋನು ತೆಗೆದು ಅಂಗಡಿಯ ಪುಟದ ತಳಕ್ಕೆ ಹೋದ. ಅಲ್ಲಿ 'ಈ ಮಾರಾಟಗಾರರ ಮೇಲೆ ದೂರು ಕೊಡಿ' ಎಂಬ ಗುಂಡಿಯಿತ್ತು.

"ಇದನ್ನ ಒತ್ತಿ, ಫೋಟೊ ಹಾಕಿದ್ರೆ ವಿಚಾರಣೆ ಮಾಡ್ತಾರಂತೆ. ಮೋಸ ನಿಜ ಅಂತ ಗೊತ್ತಾದ್ರೆ ಅಂಗಡಿ ಮುಚ್ಚಿಸಿ, ಕೊಂಡ್ಕೊಂಡ ಎಲ್ಲರಿಗೂ ತಿಳಿಸ್ತಾರಂತೆ."

"ಎಲ್ಲರಿಗೂನಾ?"

"ಎಲ್ಲರಿಗೂ ಅಂತಾನೇ ಬರೆದಿದೆ."

ಗೊಣಗಮ್ಮನಿಗೆ ತಟ್ಟನೆ ನೆನಪಾದದ್ದು ಹಡಗಿನ ಅಡುಗೆಯವನ ತಾಯಿ. ಹೊದಿಕೆ ತಲುಪಿದ ಮರುದಿನ ಆಕೆ ಬೆಣ್ಣೆಯಿಂದ ನಂಬರು ಪಡೆದು ಇವಳ ಫೋನಿಗೆ ದನಿಯ ಸಂದೇಶ ಕಳಿಸಿದ್ದರು. 'ಹೊಲಿಗೆ ಅಮ್ಮಾ, ನಿನ್ನ ಕೈ ತಣ್ಣಗಿರಲಿ. ಮಗ ಹೋದ ಮೇಲೆ ನಾನು ನಿದ್ದೆ ಮಾಡಿದ್ದೇ ಇಲ್ಲ. ನಿನ್ನೆ ಇದನ್ನ ಹೊದ್ದು ಮಲಗಿದವಳು ಹಾಲಿನವನು ಕೂಗಿದಾಗಲೇ ಎದ್ದದ್ದು.' ಗೊಣಗಮ್ಮ ಅದನ್ನು ಅಳಿಸದೆ ಇಟ್ಟುಕೊಂಡಿದ್ದಳು. ಬೆನ್ನು ನೋಯುವಾಗ, ಕೆಲಸ ಸಾಕೆನ್ನಿಸಿದಾಗ ಒಂದು ಸಲ ಹಾಕಿ ಕೇಳುತ್ತಿದ್ದಳು.

"ಹಾಗಾದ್ರೆ ಆ ತಾಯಿಗೂ ತಿಳಿಸ್ತಾರೆ" ಎಂದಳು.

"ತಿಳಿಸ್ತಾರೆ."

ಅತ್ತೆ ನಡುವೆ ಬಾಯಿ ಹಾಕಿದರು. "ಅಲ್ಲ ಕಣ್ರೋ, ಬೆಚ್ಚಗಿದೆ ತಾನೇ? ನಿದ್ದೆ ಬರ್ತಿದೆ ತಾನೇ? ಸತ್ತವರು ಎದ್ದು ಬಂದು ನನ್ನ ಅಂಗಿ ಎಲ್ಲಿ ಅಂತ ಕೇಳ್ತಾರಾ? ಸುಮ್ನೆ ಮಲಗಿರೋರನ್ನ ಎಬ್ಬಿಸಿ, ನೀನು ಹೊದ್ದಿರೋದು ಸುಳ್ಳು ಅಂತ ಹೇಳೋ ಪುಣ್ಯ ನಿನಗ್ಯಾಕೆ? ಆ ಬೆಣ್ಣೆಗೆ ಮುಚ್ಚಿದ ಬಾಗಿಲ ಹಿಂದೆ ನಾಲ್ಕು ಬೈದು ಬುದ್ಧಿ ಹೇಳು, ಮುಗೀತು."

"ಲಿಫ್ಟಿನ ಹಗ್ಗ ಸವೆದಿದೆ ಅಂತ ಗೊತ್ತಿದ್ದೂ, ಜನ ಖುಷಿಯಾಗಿ ಮೇಲೆ ಕೆಳಗೆ ಓಡಾಡ್ತಿದಾರಲ್ಲ ಅಂತ ನಾನು ಸುಮ್ನಿರೋಕಾಗುತ್ತಾ ಅಮ್ಮಾ?" ಎಂದ ಮಗ.

"ಹೊದಿಕೆ ಹೊದ್ದು ಯಾರಾದ್ರೂ ಮೂರನೇ ಮಹಡಿಯಿಂದ ಬೀಳ್ತಾರೇನೋ?"

ಅವನು ಹೆಂಡತಿಯ ಕಡೆ ನೋಡಿ, "ನಾನು ಮಾಡು ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ನಿನ್ನ ಗೆಳತಿ ಅವಳು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಎದ್ದುಹೋದ. ಗಂಡಸರ ಹಣೆಬರಹವೇ ಇಷ್ಟು, ಬೇಕಾದಾಗ ಬಾಯಿ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಗೊಣಗಮ್ಮ ಬಸ್ಸು ಹತ್ತಿದಳು. ಹೇಳದೆ ಕೇಳದೆ ಬೆಣ್ಣೆಯ ಮನೆಗೆ ಹೋದದ್ದು ಅದೇ ಮೊದಲು. ಲಾಂಡ್ರಿಯ ಮೇಲಿನ ಮನೆ ಅದು, ಮೆಟ್ಟಿಲ ತುಂಬ ಇಸ್ತ್ರಿಯ ಬಿಸಿ ವಾಸನೆ. ಬಾಗಿಲು ತೆರೆದೇ ಇತ್ತು. ಒಳಗೆ ಬೆಣ್ಣೆ ದೊಡ್ಡ ಮೇಜಿನ ಮೇಲೆ ಹೂವಿನ ಬಟ್ಟೆ ಹಾಸಿಕೊಂಡು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದಳು. ಹೂವಿನ ಬಟ್ಟೆ ಇನ್ನೂ ಥಾನಿನಿಂದ ಬಿಚ್ಚಿಕೊಂಡೇ ಬರುತ್ತಿತ್ತು. ಥಾನಿನ ತುದಿಯಲ್ಲಿ ಅಂಗಡಿಯ ಚೀಟಿ ನೇತಾಡುತ್ತಿತ್ತು.

"ಅಯ್ಯೋ, ಇದೇನೇ ಇದು! ಸೂರ್ಯ ಎಲ್ಲಿ ಹುಟ್ಟಿದ ಇವತ್ತು? ಬಾ ಬಾ, ಕೂತ್ಕೋ. ಎಷ್ಟು ಸೊರಗಿದೀಯೇ ನೀನು."

"ಯಾರದ್ದು ಈ ಬಟ್ಟೆ?"

"ಅದಾ? ಯಾವುದೋ ಅಜ್ಜಿದು. ಮೊಮ್ಮಗಳು ಕಳಿಸಿದಾಳೆ."

"ಅಜ್ಜಿ ಥಾನು ಸುತ್ಕೊಂಡು ಓಡಾಡ್ತಿದ್ರಾ?"

ಬೆಣ್ಣೆಯ ಕೈ ನಿಂತಿತು. ಗುಂಡುಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದಳು. ಗೊಣಗಮ್ಮ ಕೈಚೀಲದಿಂದ ಎರಡು ನೀಲಿ ತುಂಡುಗಳನ್ನು ತೆಗೆದು ಮೇಜಿನ ಮೇಲೆ ಕೂಡಿಸಿಟ್ಟಳು. ಬೆಣ್ಣೆ ನೋಡಿದಳು. ಅವಳೂ ಕತ್ತರಿ ಹಿಡಿದು ಬದುಕಿದವಳೇ, ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

"ಚೂರು ಇಟ್ಕೋತೀಯ ಅನ್ನೋದು ಮರೆತೇ ಹೋಗಿತ್ತು ನನಗೆ" ಎಂದಳು.

ಅಷ್ಟೇ! ತಪ್ಪಾಯಿತು ಎನ್ನಲಿಲ್ಲ, ಬೆಚ್ಚಿ ಬೀಳಲಿಲ್ಲ. ತಾನು ಮಾಡಿದ್ದಕ್ಕಲ್ಲ, ಮರೆತದ್ದಕ್ಕೆ ಅವಳಿಗೆ ಬೇಸರ. ಗೊಣಗಮ್ಮ ಬರುವಾಗ ಬಸ್ಸಿನ ದಾರಿಯುದ್ದಕ್ಕೂ ಬೈಗುಳ ಕಟ್ಟಿಕೊಂಡು ಬಂದಿದ್ದಳು. ಒಂದೂ ನಾಲಗೆಗೆ ಬರಲಿಲ್ಲ.

"ಯಾಕೇ ಹೀಗೆ ಮಾಡಿದೆ?"

ಬೆಣ್ಣೆ ಕುರ್ಚಿ ಎಳೆದು ಕೂತಳು. "ಬೇಕು ಅಂತ ಮಾಡ್ಲಿಲ್ಲ ಕಣೇ. ಮೊದಲನೇ ಸಲ ಒಂದು ಮಗುವಿನ ಬಟ್ಟೆ ಬಂದಿತ್ತು. ತೊಳೆಯೋಕೆ ಕೆಳಗೆ ಲಾಂಡ್ರಿಗೆ ಹಾಕ್ದೆ. ಅವನು ಯಾವುದೋ ಬಿಸಿನೀರಿಗೆ ಹಾಕಿ ಮುದ್ದೆ ಮಾಡಿಟ್ಟ. ಆ ತಾಯಿಗೆ ಏನು ಹೇಳ್ಲಿ? ಅಂಥದ್ದೇ ಬಟ್ಟೆ ಹುಡುಕಿ ತಂದು ಕತ್ತರಿಸ್ದೆ, ನೀನು ಹೊಲಿದೆ. ಅವಳು ಫೋನ್ ಮಾಡಿ ಎಷ್ಟು ಅತ್ತಳು ಗೊತ್ತಾ? ಮಗೂನ ಎತ್ಕೊಂಡ ಹಾಗಾಗ್ತಿದೆ ಅಂದಳು. ಆವತ್ತು ಗೊತ್ತಾಯ್ತು ನನಗೆ, ಅಳೋರಿಗೆ ಬೇಕಾಗಿರೋದು ಬಟ್ಟೆ ಅಲ್ಲ. ಹಳೇ ಬಟ್ಟೆ ಅಂದ್ರೆ ಏನು ಅಂತ ನಿನಗೂ ಗೊತ್ತಲ್ಲ. ಕಲೆ, ಬೆವರು, ಹರಿದ ಕಂಕುಳು. ಹೊಸದಾದ್ರೆ ಬೇಗ ಆಗುತ್ತೆ."

"ಮತ್ತೆ ಅವರು ಕಳಿಸಿದ್ದು?"

ಬೆಣ್ಣೆ ಉತ್ತರ ಕೊಡುವ ಮೊದಲೇ ಗೊಣಗಮ್ಮ ಒಳಕೋಣೆಗೆ ನುಗ್ಗಿದ್ದಳು. ಅಲ್ಲಿ ಕಂಬಿಗೆ ತೂಗುಹಾಕಿದ ಕೋಟುಗಳು, ಇಸ್ತ್ರಿ ಮಾಡಿದ ಅಂಗಿಗಳು, ಮಡಚಿದ ಶಾಲುಗಳು. ಗೋಡೆಗೆ ಬಿಳಿ ಪರದೆ ಕಟ್ಟಿ ಫೋಟೊ ತೆಗೆಯುವ ಜಾಗ ಮಾಡಿಕೊಂಡಿದ್ದಳು. 'ಸ್ವಲ್ಪ ಬಳಸಿದ್ದು, ಚೆನ್ನಾಗಿದೆ' ಎಂದು ಇನ್ನೊಂದು ಹೆಸರಿನಲ್ಲಿ ಅವೂ ಮಾರಾಟಕ್ಕಿದ್ದವು. ಮಾರಾಟಕ್ಕೆ ಬಾರದ್ದು ಮೂಲೆಯ ಕಸದ ಮೂಟೆಯಲ್ಲಿತ್ತು. ಮೂಟೆಯ ಮೇಲೆ ಒಂದು ಪಾರ್ಸೆಲ್ ಕೂತಿತ್ತು. ಕಳಿಸಿದವರ ಹೆಸರು ನೋಡಿದರೆ ಗಣಿತದ ಮೇಷ್ಟ್ರ ಮಗಳು. ಅಂಟುಪಟ್ಟಿ ಕೂಡ ಕಿತ್ತಿರಲಿಲ್ಲ. ಆ ಹುಡುಗಿ ಅಪ್ಪನ ಅಂಗಿಗಳನ್ನು ಮಡಚಿ, ಅತ್ತು, ಕಟ್ಟಿ ಕಳಿಸಿದ್ದಳು. ಬೆಣ್ಣೆ ಬಿಚ್ಚಿಯೂ ನೋಡದೆ, ಫೋನಿನಲ್ಲಿ ಆಕೆ ಹೇಳಿದ 'ನೀಲಿ ಚೌಕಳಿ' ಎಂಬ ಮಾತನ್ನಷ್ಟೇ ಹಿಡಿದು ಥಾನಿಗೆ ಕತ್ತರಿ ಹಾಕಿದ್ದಳು.

"ಅಡುಗೆಯವನ ಅಂಗಿಗಳೆಲ್ಲಿ?"

"ಹೋದ್ವು. ಚೆನ್ನಾಗಿದ್ವು ಅವು, ಬಂದ ವಾರಾನೇ ಹೋದ್ವು. ಯಾರು ತಗೊಂಡ್ರು ಅಂತ ನೆನಪಿಲ್ಲ."

"ಥೂ, ನಿನ್ನ ಜನ್ಮಕ್ಕಿಷ್ಟು" ಎಂದಳು ಗೊಣಗಮ್ಮ. ಕೊನೆಗೂ ಬಾಯಿ ಬಂತು. "ನಂಬಿದೋರ ಕತ್ತು ಕುಯ್ದೆಯಲ್ಲೇ! ಅಳ್ತಾ ಇರೋರ ಕೈಯಿಂದ ಕಿತ್ಕೊಂಡು ಮಾರಿದೆಯಲ್ಲೇ! ನನ್ನ ತಂಗಿ ಹೊದಿಕೆನ ಬೋರ್ಡ್ ಮಾಡ್ಕೊಂಡು, ನನ್ನ ಕೈಯಲ್ಲೇ ಆ ಸುಳ್ಳೆಲ್ಲಾ ಹೊಲಿಸಿದೆಯಲ್ಲೇ!"

"ಕೂಗ್ಬೇಡ, ಕೆಳಗೆ ಕೇಳ್ಸುತ್ತೆ."

"ಕೇಳಲಿ! ದೂರು ಕೊಡ್ತೀನಿ ನಾನು."

ಆಗ ಬೆಣ್ಣೆಯ ಮುಖ ಬದಲಾಯಿತು. ಅಷ್ಟು ವರ್ಷದಲ್ಲಿ ಗೊಣಗಮ್ಮ ಆ ಮುಖ ಕಂಡಿರಲಿಲ್ಲ.

"ನಿನ್ನ ತಂಗಿ ಜೀವ ಬಿಡೋವಾಗ ಯಾರ ಕೈ ಹಿಡ್ಕೊಂಡಿದ್ದಳು, ಸ್ವಲ್ಪ ನೆನಪು ಮಾಡ್ಕೋ. ಆಮೇಲೆ ದೂರು ಕೊಡು."

ಇದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು. ಗೊಣಗಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬಾಯಿ ಬಿಟ್ಟು ಹೇಳದಿದ್ದರೂ ಮನಸ್ಸು ದಿನವೂ ನೆನೆಯುತ್ತಿದ್ದ ಋಣ ಅದು. ಅದನ್ನು ಬೆಣ್ಣೆ ಇಂಥ ಹೊತ್ತಿಗೆಂದು ಜೋಪಾನ ಮಾಡಿ ಇಟ್ಟುಕೊಂಡಿದ್ದಳೇನೋ ಎನ್ನಿಸಿತು. ಹಾಗಿರಲಿಕ್ಕಿಲ್ಲ, ಆವತ್ತಿನ ಕಣ್ಣೀರು ನಿಜವೇ ಇರಬೇಕು. ಆದರೆ ಇನ್ನು ಮೇಲೆ ಅದನ್ನು ನೆನೆದಾಗಲೆಲ್ಲ ಈ ಮಾತೂ ಜೊತೆಗೇ ಬರುತ್ತದೆ.

ಬೆಣ್ಣೆ ಮತ್ತೆ ಮೆತ್ತಗಾದಳು. ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟಳು. "ನೋಡು, ಇನ್ಮೇಲೆ ಮಾಡಲ್ಲ, ಸರೀನಾ? ಆದ್ರೆ ಆಗಿಹೋಗಿದ್ದನ್ನ ಕೆದಕಬೇಡ. ನನಗೋಸ್ಕರ ಅಲ್ಲ, ಅವರಿಗೋಸ್ಕರ. ಆ ಹಡಗಿನ ಹುಡುಗನ ತಾಯಿ ಇದಾರಲ್ಲ, ಅವರಿಗೆ ಫೋನ್ ಮಾಡು. ನಿಮ್ಮ ಹೊದಿಕೆ ಸುಳ್ಳು ಅಂತ ನಿನ್ನ ಬಾಯಲ್ಲೇ ಹೇಳು. ಅವರ ನಿದ್ದೆ ಕಿತ್ಕೊಳ್ಳೋ ಧೈರ್ಯ ನಿನಗಿದ್ರೆ, ಹೋಗಿ ಧಾರಾಳವಾಗಿ ದೂರು ಕೊಡು. ನಾನು ಬೇಡ ಅನ್ನಲ್ಲ."

ಎಂಥ ಮಾತು ನೋಡಿ! ತಾನು ತೋಡಿದ ಗುಂಡಿಗೆ ಇನ್ನೊಬ್ಬರನ್ನು ಕಾವಲು ನಿಲ್ಲಿಸುವುದೆಂದರೆ ಇದೇ. ಗೊಣಗಮ್ಮ ಆ ಕೈಯನ್ನು ಭುಜದಿಂದ ಕೊಡವಿದಳು, ಮೇಷ್ಟ್ರ ಪಾರ್ಸೆಲನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ಬೆಣ್ಣೆ ತಡೆಯಲಿಲ್ಲ. ಇವಳು ಹೇಳಲಾರಳು ಎಂಬ ಭರವಸೆ ಅವಳಿಗಿತ್ತು.

ಬಸ್ ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಪಾರ್ಸೆಲನ್ನು ತೊಡೆಯ ಮೇಲಿಟ್ಟುಕೊಂಡು ಗೊಣಗಮ್ಮ ಕೂತಳು. ಬಸ್ಸು ಬಂತು, ಹೋಯಿತು. ಬೆಣ್ಣೆ ಹೇಳಿದ್ದರಲ್ಲಿ ನಿಜವಿತ್ತು, ಅದೇ ಹೊಟ್ಟೆ ಉರಿಸುತ್ತಿತ್ತು. ಮನೆಯಲ್ಲಿ ಅತ್ತೆ ಹೇಳಿದ್ದೂ ಅದನ್ನೇ. ಸುಮ್ಮನಿದ್ದರೆ ಬೆಣ್ಣೆಯ ಜೊತೆ ತಾನೂ ಕಳ್ಳಿ, ಬಾಯಿ ಬಿಟ್ಟರೆ ಆ ಮುದುಕಿಯ ಪಾಲಿಗೆ ಯಮ. ಅತ್ತ ದರಿ, ಇತ್ತ ಪುಲಿ. ಹೇಳುವುದು ಬೇಡ, ಆ ತಾಯಿಯ ದನಿಯೊಂದನ್ನು ಕೇಳೋಣ, ಆಕೆ ಸುಖವಾಗಿದ್ದರೆ ಎಲ್ಲವನ್ನೂ ಅಲ್ಲಿಗೇ ಬಿಟ್ಟುಬಿಡೋಣ ಎಂದುಕೊಂಡು ಫೋನು ಮಾಡಿದಳು.

"ಯಾರು? ಹೊಲಿಗೆ ಅಮ್ಮನಾ? ಅಯ್ಯೋ ನನ್ನ ಬಂಗಾರ! ಈಗ ತಾನೇ ಹೊದಿಕೆ ಮಡಚಿಟ್ಟೆ ನೋಡು, ನಿನಗೆ ನೂರು ವರ್ಷ ಆಯಸ್ಸು."

"ಚೆನ್ನಾಗಿದೀರಾ ಅಮ್ಮಾ?"

"ಚೆನ್ನಾಗಿದೀನಿ ಕಣಮ್ಮಾ. ದಿನಾ ಸಂಜೆ ಹೊದ್ಕೊಂಡು ಕೂತು ಅವನ ಜೊತೆ ಒಂದಷ್ಟು ಹರಟ್ತೀನಿ. ಏನು ಅಡುಗೆ ಮಾಡ್ದೆ, ಯಾರು ಬಂದಿದ್ರು, ಎಲ್ಲ ಹೇಳ್ತೀನಿ. ಪಕ್ಕದ ಮನೆಯೋರು ನನಗೆ ಹುಚ್ಚು ಅಂತಾರೆ. ಅಂದ್ಕೊಳ್ಳಲಿ ಬಿಡು."

ಗೊಣಗಮ್ಮನಿಗೆ ಎದೆ ಹಗುರಾಯಿತು. ಸಾಕು, ಇಷ್ಟು ಸಾಕು. ಇನ್ನೆರಡು ಮಾತಾಡಿ ಇಟ್ಟುಬಿಡುವುದು.

"ಮತ್ತೆ ಇನ್ನೊಂದು ಹೇಳ್ಬೇಕು ನಿನಗೆ" ಎಂದರು ಆ ತಾಯಿ. "ಅವನ ಬೀರು ಖಾಲಿ ಮಾಡಿಬಿಟ್ಟೆ! ಅಂಗಿ ತೆಗೆದು ಕಳಿಸಿದ ಮೇಲೆ ಕೀ ತಿರುಗಿಸೋಕೂ ಕೈ ಬಂದಿರಲಿಲ್ಲ. ಹೊದಿಕೆ ಬಂತಲ್ಲ, ಇನ್ನು ಅದೆಲ್ಲ ಯಾಕೆ ಅನ್ನಿಸ್ತು. ಸ್ವೆಟರು, ಪ್ಯಾಂಟು, ಬೂಟು, ಹಡಗಲ್ಲಿ ಕಟ್ಕೋತಿದ್ದ ಏಪ್ರನ್ನು, ಅವನು ತಲೆಯಿಟ್ಟು ಮಲಗ್ತಿದ್ದ ದಿಂಬು, ಎಲ್ಲಾನೂ ಅನಾಥಾಶ್ರಮದ ಗಾಡಿಗೆ ಹಾಕ್ಬಿಟ್ಟೆ. ಇಲ್ಲದೋರು ಹಾಕ್ಕೊಳ್ಳಲಿ. ನನ್ನ ಮಗ ನನ್ನ ಮೈಮೇಲೇ ಇದಾನಲ್ಲ!"

ಗೊಣಗಮ್ಮ ತೊಡೆಯ ಮೇಲಿನ ಪಾರ್ಸೆಲನ್ನು ಎದೆಗೊತ್ತಿಕೊಂಡಳು.

"ಏನೂ... ಏನೂ ಉಳಿಸ್ಕೊಂಡಿಲ್ವಾ ಅಮ್ಮಾ?"

"ಏನೂ ಇಲ್ಲ. ಗೋಡೆ ಇದೆ ಅಷ್ಟೇ. ಕೋಣೆ ಬಾಡಿಗೆಗೆ ಕೊಡೋಣ ಅಂತಿದೀನಿ. ಯಾಕಮ್ಮಾ?"

ಹೊದಿಕೆ ಬೆಚ್ಚಗಿದೆ ತಾನೇ ಎಂದು ಅತ್ತೆ ಕೇಳಿದ್ದರು. ಅವರ ನಿದ್ದೆ ಕಿತ್ತುಕೊಳ್ಳುವ ಧೈರ್ಯವಿದೆಯೇ ಎಂದು ಬೆಣ್ಣೆ ಕೆಣಕಿದ್ದಳು. ಆ ಬೆಚ್ಚಗಿನ ಸುಳ್ಳನ್ನು ನಂಬಿ ಈ ತಾಯಿ ಮಗನ ದಿಂಬನ್ನೂ ಕೊಟ್ಟು ಕೈ ತೊಳೆದುಕೊಂಡಿದ್ದರು. ಹೀಗೆ ಇನ್ನೆಷ್ಟು ಮನೆಯಲ್ಲಿ ಎಷ್ಟು ಬೀರು ಖಾಲಿಯಾಗಿವೆಯೋ, ಇವತ್ತು ನಾಳೆ ಇನ್ನೆಷ್ಟು ಗಾಡಿ ಬಾಗಿಲಿಗೆ ಬಂದು ನಿಲ್ಲುತ್ತವೆಯೋ. ದೂರು ತಡವಾದ ಪ್ರತಿ ದಿನವೂ ಯಾರೋ ಒಬ್ಬರು ತಮ್ಮವರ ಕೊನೆಯ ಚಿಂದಿಯನ್ನು ನಗುನಗುತ್ತ ಕೊಟ್ಟುಬಿಡುತ್ತಾರೆ. ಗುಂಡಿ ಒತ್ತಲೇಬೇಕು ಎಂಬುದು ಆಗಲೇ ಖಚಿತವಾಯಿತು. ಒತ್ತಿದ ಮೇಲೆ ಯಾವುದೋ ಕಂಪ್ಯೂಟರಿನಿಂದ ಈಕೆಗೊಂದು ಸಂದೇಶ ಬರುತ್ತದೆ, ಯಾರೂ ಇಲ್ಲದ ಮನೆಯಲ್ಲಿ ಒಬ್ಬರೇ ಕೂತು ಅದನ್ನು ಓದುತ್ತಾರೆ. ಅದಕ್ಕಿಂತ ತನ್ನ ಬಾಯಿಂದಲೇ ಹೋಗಲಿ.

"ಅಮ್ಮಾ, ಕೂತಿದೀರಾ?"

"ಕೂತಿದೀನಿ. ಯಾಕೆ, ನಿನ್ನ ದನಿ ಯಾಕೆ ಹಾಗಾಗಿದೆ?"

"ಅದು ನಿಮ್ಮ ಮಗನ ಅಂಗಿ ಅಲ್ಲ ಅಮ್ಮಾ. ಅಂಗಡಿ ಬಟ್ಟೆ. ಅವನ ಅಂಗಿಗಳನ್ನ ನನ್ನ ಗೆಳತಿ ಬೇರೆಯವರಿಗೆ ಮಾರಿದಾಳೆ. ನಾನು ಗೊತ್ತಿಲ್ಲದೆ ಹೊಲಿದೆ. ನಿನ್ನೆ ಗೊತ್ತಾಯ್ತು."

ಫೋನು ಕಡಿದುಹೋಯಿತೇನೋ ಎಂದು ಗೊಣಗಮ್ಮ ಕಿವಿಯಿಂದ ತೆಗೆದು ನೋಡಿದಳು, ಕಡಿದಿರಲಿಲ್ಲ.

"ಹಾಗಾದ್ರೆ ನಾನು ದಿನಾ ಯಾರ ಜೊತೆ ಮಾತಾಡ್ತಿದ್ದೆ?" ಎಂದು ಆ ತಾಯಿ ಕೇಳಿದರು. ಉತ್ತರಕ್ಕೆ ಕಾಯದೆ ಫೋನಿಟ್ಟರು.

ಗೊಣಗಮ್ಮ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಗಟ್ಟಿಯಾಗಿ ಅತ್ತಳು. ದಾರಿಹೋಕರು ನೋಡಿಕೊಂಡು ಹೋದರು. ಆಮೇಲೆ ಮೂಗು ಸೀಟಿ, ಅಂಗಡಿಯ ಪುಟ ತೆರೆದಳು. ಮೇಲೆ ತಂಗಿಯ ಹೊದಿಕೆ ಕಂಡಿತು. ಅದನ್ನು ದಾಟಿ ಕೆಳಕ್ಕೆ ಹೋಗಿ ದೂರಿನ ಗುಂಡಿ ಒತ್ತಿದಳು. ಎರಡು ನೀಲಿ ತುಂಡುಗಳ ಫೋಟೊ, ಬಿಚ್ಚದ ಪಾರ್ಸೆಲಿನ ಫೋಟೊ ಹಾಕಿದಳು. ಹೊಲಿದವಳು ನಾನೇ ಎಂದು ತನ್ನ ಹೆಸರನ್ನೂ ಬರೆದಳು, ಬೆಣ್ಣೆಯ ಹೆಸರನ್ನೂ ಬರೆದಳು. ಅಡ್ಡಹೆಸರಲ್ಲ, ಹಾಜರಿ ಕೂಗುವಾಗ ಕಾರ್ಖಾನೆಯಲ್ಲಿ ಕರೆಯುತ್ತಿದ್ದ ಪೂರ್ತಿ ಹೆಸರು. ಅದನ್ನು ಬರೆಯುವಾಗ ಬೇರೆ ಯಾರದೋ ಹೆಸರು ಬರೆದ ಹಾಗೆನ್ನಿಸಿತು.

ಇನ್ನೊಂದು ಬಸ್ಸು ಬರುವ ಹೊತ್ತಿಗೆ ಫೋನು ಗುನುಗಿತು. ಹಡಗಿನ ಅಡುಗೆಯವನ ತಾಯಿ.

"ದೂರು ಕೊಡ್ತೀಯಾ?" ಎಂದು ಆಕೆ ಕೇಳಿದರು.

"ಕೊಟ್ಟೆ ಅಮ್ಮಾ, ಈಗ ತಾನೇ."

"ನನ್ನ ಹೆಸರೂ ಸೇರಿಸು. ಎಲ್ಲಿಗೆ ಕರೆದ್ರೂ ಬಂದು ಹೇಳ್ತೀನಿ."

"ಸೇರಿಸ್ತೀನಿ. ಅಮ್ಮಾ, ನಾನು ಬೇಕಿದ್ರೆ ನಾಳೆನೇ ನಿಮ್ಮ ಮನೆಗೆ..."

"ಬೇಡ. ನೀನು ಒಳ್ಳೆಯವಳೇ ಇರಬೇಕು, ಇಲ್ಲದಿದ್ರೆ ಯಾಕೆ ಹೇಳ್ತಿದ್ದೆ. ಆದ್ರೆ ಇನ್ನು ಯಾವತ್ತೂ ನನಗೆ ಫೋನ್ ಮಾಡ್ಬೇಡಮ್ಮಾ. ನಿನ್ನ ದನಿ ಕೇಳಿದ್ರೆ ನನ್ನ ಮಗ ಇನ್ನೊಂದು ಸಲ ಸತ್ತ ಹಾಗಾಗುತ್ತೆ."

"ಆಯ್ತಮ್ಮಾ" ಎಂದಳು ಗೊಣಗಮ್ಮ.